ತಾರೆಗಳ ಬೆಳಕನ್ನು ಓದಿದ ಮೇಘನಾದ ಸಾಹಾ

ನಕ್ಷತ್ರಗಳು ಹುಟ್ಟುತ್ತವೆ, ಬೆಳೆಯುತ್ತವೆ, ಮುಪ್ಪಾಗುತ್ತವೆ, ಕೊನೆಗೆ ಅಳಿಯುತ್ತವೆ ಎಂಬ ಮಾತು ಇಂದು ಪ್ರೌಢಶಾಲೆಯ ಮಕ್ಕಳಿಗೂ ಹೊಸದಲ್ಲ. ಆದರೆ ನೂರು ವರ್ಷಗಳ ಹಿಂದೆ, ನಮ್ಮ ಶಾಲೆಯ ಮೊದಲ ತರಗತಿಗಳು ನಡೆಯುತ್ತಿದ್ದ ದಶಕದಲ್ಲಿ, ನಕ್ಷತ್ರವು ಯಾವ ದ್ರವ್ಯದಿಂದ ಆಗಿದೆ ಎಂಬ ಮೊದಲ ಪ್ರಶ್ನೆಗೇ ಸರಿಯಾದ ಉತ್ತರ ಸಿಕ್ಕಿರಲಿಲ್ಲ. ಆ ಉತ್ತರಕ್ಕೆ ದಾರಿ ತೆರೆದ ಸಮೀಕರಣವನ್ನು ಬರೆದವರು ಬಂಗಾಳದ ಹಳ್ಳಿಯೊಂದರ ಕಿರಾಣಿ ಅಂಗಡಿಯವರ ಮಗ ಮೇಘನಾದ ಸಾಹಾ. ಶಾಲೆಯ ಶತಮಾನೋತ್ಸವದ ಈ ಸಂಚಿಕೆಯಲ್ಲಿ ಅವರನ್ನು ನೆನೆಯುವುದಕ್ಕೆ ನಮಗೆ ಇನ್ನೊಂದು ಕಾರಣವೂ ಇದೆ. ಅವರ ಓದು ನಡುವೆಯೇ ನಿಂತುಹೋಗಬಹುದಾಗಿದ್ದ ಸಂದರ್ಭಗಳು ಒಂದೆರಡಲ್ಲ. ಪ್ರತಿಯೊಂದು ಸಲವೂ ಯಾರಾದರೊಬ್ಬರು ಕೈಹಿಡಿದುದರಿಂದ ಅದು ಮುಂದುವರಿಯಿತು.

ಸಾಹಾ ಅವರು ಜನಿಸಿದ್ದು 1893ರ ಅಕ್ಟೋಬರ್ 6ರಂದು, ಢಾಕಾ ಜಿಲ್ಲೆಯ ಶಿಯೋರತಲಿ ಎಂಬ ಹಳ್ಳಿಯಲ್ಲಿ. ತಂದೆ ಜಗನ್ನಾಥ ಸಾಹಾ, ತಾಯಿ ಭುವನೇಶ್ವರಿ ದೇವಿ. ಐದನೆಯ ಮಗುವಾದ ಮೇಘನಾದ ಅಂಗಡಿಯಲ್ಲಿ ತಂದೆಗೆ ನೆರವಾಗುತ್ತ ಊರಿನ ಪ್ರಾಥಮಿಕ ಶಾಲೆಯಲ್ಲಿ ಕಲಿತರು. ಮುಂದಿನ ತರಗತಿಗಳು ಊರಿನಲ್ಲಿರಲಿಲ್ಲ. ಮಗನು ಅಂಗಡಿಯ ವ್ಯಾಪಾರವನ್ನೇ ನೋಡಿಕೊಳ್ಳಲಿ ಎಂಬುದು ತಂದೆಯ ಎಣಿಕೆಯಾಗಿತ್ತು. ಆ ಕಾಲದ ಬಡ ಸಂಸಾರದಲ್ಲಿ ಅದು ಅನ್ಯಾಯದ ಎಣಿಕೆಯೂ ಅಲ್ಲ. ಆದರೆ ಶಾಲೆಯ ಅಧ್ಯಾಪಕರು ಹುಡುಗನ ಬುದ್ಧಿಯನ್ನು ಗುರುತಿಸಿದ್ದರು. ಅಣ್ಣ ಜಯನಾಥನೂ ತಮ್ಮನ ಪರವಾಗಿ ನಿಂತನು. ಸುಮಾರು 10 ಕಿಲೋಮೀಟರ್ ದೂರದ ಸಿಮುಲಿಯಾ ಗ್ರಾಮದಲ್ಲಿ ಮಾಧ್ಯಮಿಕ ಶಾಲೆಯಿತ್ತು. ಅಲ್ಲಿನ ವೈದ್ಯ ಅನಂತಕುಮಾರ ದಾಸರು ಹುಡುಗನಿಗೆ ತಮ್ಮ ಮನೆಯಲ್ಲಿ ಊಟ ವಸತಿ ಕೊಡಲು ಒಪ್ಪಿದರು. ಉಂಡ ತಟ್ಟೆಯನ್ನು ತಾನೇ ತೊಳೆಯಬೇಕು, ಮನೆಯ ಹಸುವನ್ನು ನೋಡಿಕೊಳ್ಳಬೇಕು ಎಂಬುದು ಕರಾರು. ಹಸುವಿಗೆ ಹುಲ್ಲು ಹಾಕುತ್ತ ಓದಿದ ಆ ಬಾಲಕ ಮಾಧ್ಯಮಿಕ ಪರೀಕ್ಷೆಯಲ್ಲಿ ಇಡೀ ಢಾಕಾ ಜಿಲ್ಲೆಗೇ ಮೊದಲಿಗನಾದನು.

ಈ ಸಾಧನೆಗೆ ತಿಂಗಳಿಗೆ 4 ರೂಪಾಯಿಗಳ ವಿದ್ಯಾರ್ಥಿವೇತನ ದೊರೆಯಿತು. ಸೆಣಬಿನ ಕಂಪೆನಿಯಲ್ಲಿ 20 ರೂಪಾಯಿ ಸಂಬಳಕ್ಕೆ ದುಡಿಯುತ್ತಿದ್ದ ಅಣ್ಣ ಅದರಲ್ಲಿ 5 ರೂಪಾಯಿಯನ್ನು ತಮ್ಮನಿಗೆ ಕಳುಹಿಸತೊಡಗಿದನು. ವೈಶ್ಯ ಸಮಿತಿಯವರು 2 ರೂಪಾಯಿ ಸೇರಿಸಿದರು. ಈ ಹಣದ ಬಲದಿಂದ 1905ರಲ್ಲಿ ಮೇಘನಾದ ಢಾಕಾದ ಸರಕಾರಿ ಕಾಲೇಜಿಯೇಟ್ ಶಾಲೆಯನ್ನು ಸೇರಿದರು. ಅದು ಬಂಗಾಳವನ್ನು ಬ್ರಿಟಿಷರು ಒಡೆದ ವರ್ಷ. ಲೆಫ್ಟಿನೆಂಟ್ ಗವರ್ನರ್ ಫುಲ್ಲರ್ ಶಾಲೆಗೆ ಬಂದಾಗ ಪ್ರತಿಭಟಿಸಿದ ವಿದ್ಯಾರ್ಥಿಗಳನ್ನು ಹೊರಹಾಕಲಾಯಿತು. ಮೇಘನಾದರೂ ಅವರಲ್ಲೊಬ್ಬರು. ಶಾಲೆಯೂ ಹೋಯಿತು, ವಿದ್ಯಾರ್ಥಿವೇತನವೂ ಹೋಯಿತು. ಆಗ ಕಿಶೋರಿಲಾಲ್ ಜುಬಿಲಿ ಶಾಲೆಯು ಶುಲ್ಕವಿಲ್ಲದೆ ಅವರನ್ನು ಸೇರಿಸಿಕೊಂಡಿತು. ಆ ಖಾಸಗಿ ಶಾಲೆಯ ಬಾಗಿಲು ಮುಚ್ಚಿದ್ದರೆ ಮುಂದಿನ ಕಥೆಯೇ ಇರುತ್ತಿರಲಿಲ್ಲ. 1909ರ ಪ್ರವೇಶ ಪರೀಕ್ಷೆಯಲ್ಲಿ ಅವರು ಪೂರ್ವ ಬಂಗಾಳದ ವಿದ್ಯಾರ್ಥಿಗಳಲ್ಲಿ ಮೊದಲ ಸ್ಥಾನ ಪಡೆದರು. ಢಾಕಾ ಕಾಲೇಜಿನಲ್ಲಿದ್ದ ಎರಡು ವರ್ಷಗಳಲ್ಲಿ ಜರ್ಮನ್ ಭಾಷೆಯನ್ನೂ ಕಲಿತುಕೊಂಡರು. ಈ ಕಲಿಕೆಯ ಫಲವನ್ನು ನಾವು ಮುಂದೆ ಕಾಣಲಿದ್ದೇವೆ.

1911ರಲ್ಲಿ ಅವರು ಕಲ್ಕತ್ತೆಯ ಪ್ರೆಸಿಡೆನ್ಸಿ ಕಾಲೇಜಿಗೆ ಬಂದರು. ಅಲ್ಲಿ ಗುರುಗಳು ಜಗದೀಶಚಂದ್ರ ಬೋಸ್ ಮತ್ತು ಪ್ರಫುಲ್ಲಚಂದ್ರ ರಾಯ್. ಸಹಪಾಠಿ ಸತ್ಯೇಂದ್ರನಾಥ ಬೋಸ್. ಬಿ.ಎಸ್‌ಸಿ.ಯಲ್ಲಿಯೂ 1915ರ ಎಂ.ಎಸ್‌ಸಿ.ಯಲ್ಲಿಯೂ ಬೋಸ್ ಮೊದಲನೆಯವರು, ಸಾಹಾ ಎರಡನೆಯವರು. ಆದರೆ ವಿದ್ಯಾರ್ಥಿನಿಲಯದಲ್ಲಿ ಜಾತಿಯ ಕಾರಣದಿಂದ ಸಾಹಾ ಅವರು ಇತರರೊಡನೆ ಕುಳಿತು ಉಣ್ಣುವಂತಿರಲಿಲ್ಲ. ಆ ನೋವನ್ನು ಅವರು ಕೊನೆಯವರೆಗೂ ಮರೆಯಲಿಲ್ಲ. ಎಂ.ಎಸ್‌ಸಿ. ಆದ ಮೇಲೆ ಹಣಕಾಸು ಇಲಾಖೆಯ ಸ್ಪರ್ಧಾ ಪರೀಕ್ಷೆಗೆ ಕುಳಿತು ಮನೆಯ ಬಡತನ ನೀಗಿಸಬೇಕೆಂದಿದ್ದರು. ಕ್ರಾಂತಿಕಾರಿಗಳ ಪರಿಚಯವಿದೆಯೆಂಬ ಸಂಶಯದಿಂದ ಸರಕಾರ ಅನುಮತಿ ನೀಡಲಿಲ್ಲ. ಅತ್ತ ಬಾಗಿಲು ಮುಚ್ಚಿದಾಗ ಇತ್ತ ಅಶುತೋಷ ಮುಖರ್ಜಿಯವರು 1916ರಲ್ಲಿ ತಮ್ಮ ಹೊಸ ವಿಜ್ಞಾನ ಕಾಲೇಜಿನಲ್ಲಿ ಸಾಹಾ ಮತ್ತು ಬೋಸ್ ಇಬ್ಬರನ್ನೂ ಅಧ್ಯಾಪಕರಾಗಿ ನೇಮಿಸಿದರು.

ಗಣಿತದ ವಿದ್ಯಾರ್ಥಿಯಾಗಿದ್ದ ಸಾಹಾ ಈಗ ಭೌತಶಾಸ್ತ್ರವನ್ನು ಬೋಧಿಸಬೇಕಾಯಿತು. ಉಷ್ಣಗತಿಶಾಸ್ತ್ರವನ್ನು ತಾವೇ ಓದಿ ಕಲಿತು ವಿದ್ಯಾರ್ಥಿಗಳಿಗೆ ಕಲಿಸಿದರು. ಬೋಸ್ ಅವರೊಡನೆ ಐನ್‌ಸ್ಟೈನರ ಸಾಪೇಕ್ಷತಾ ಸಿದ್ಧಾಂತದ ಲೇಖನಗಳನ್ನು ಜರ್ಮನ್ ಭಾಷೆಯಿಂದ ಇಂಗ್ಲಿಷಿಗೆ ತಂದರು. ಕಲ್ಕತ್ತೆಯ ವಿಶ್ವವಿದ್ಯಾನಿಲಯವು ಅದನ್ನು 1920ರಲ್ಲಿ ಪ್ರಕಟಿಸಿತು. ಈ ನಡುವೆ ಬೆಳಕಿನ ಒತ್ತಡವನ್ನು ಕುರಿತ ದೀರ್ಘ ಪ್ರಬಂಧವೊಂದನ್ನು ಅವರು ಅಮೆರಿಕದ ಪತ್ರಿಕೆಗೆ ಕಳುಹಿಸಿದ್ದರು. ಮುದ್ರಣದ ವೆಚ್ಚದಲ್ಲಿ ಪಾಲು ಕೊಡಬೇಕೆಂದು ಉತ್ತರ ಬಂತು. ಕೊಡಲು ಹಣವಿರಲಿಲ್ಲ, ಅದರ ಚಿಕ್ಕ ಟಿಪ್ಪಣಿ ಮಾತ್ರ ಅಲ್ಲಿ ಅಚ್ಚಾಯಿತು.

ಅವರ ಮುಖ್ಯ ಶೋಧವನ್ನು ಅರಿಯಲು ಆ ಕಾಲದ ಒಗಟೊಂದನ್ನು ತಿಳಿಯಬೇಕು. ನಕ್ಷತ್ರದ ಬೆಳಕನ್ನು ಪಟ್ಟಕದ ಮೂಲಕ ಹಾಯಿಸಿದರೆ ಬಣ್ಣಗಳ ಪಟ್ಟಿ ಮೂಡುತ್ತದೆ. ಇದೇ ರೋಹಿತ. ಅದರಲ್ಲಿ ಅಲ್ಲಲ್ಲಿ ಕಪ್ಪು ಗೆರೆಗಳಿರುತ್ತವೆ. ಒಂದೊಂದು ಮೂಲವಸ್ತುವಿಗೂ ತನ್ನದೇ ಆದ ಗೆರೆಗಳುಂಟು. ಅಮೆರಿಕದ ಹಾರ್ವರ್ಡ್ ವೀಕ್ಷಣಾಲಯದಲ್ಲಿ ಆನಿ ಜಂಪ್ ಕ್ಯಾನನ್ ಮೊದಲಾದ ಮಹಿಳೆಯರು ಎರಡು ಲಕ್ಷಕ್ಕೂ ಮಿಕ್ಕ ನಕ್ಷತ್ರಗಳ ರೋಹಿತಗಳನ್ನು ನೋಡಿ ಗುಂಪುಗಳಾಗಿ ವಿಂಗಡಿಸಿದ್ದರು. ಕೆಲವು ಗುಂಪುಗಳಲ್ಲಿ ಜಲಜನಕದ ಗೆರೆ ಬಲವಾಗಿದೆ, ಕೆಲವರಲ್ಲಿ ಹೀಲಿಯಂ, ಮತ್ತೆ ಕೆಲವರಲ್ಲಿ ಲೋಹಗಳು. ಹಾಗಾದರೆ ಒಂದೊಂದು ನಕ್ಷತ್ರವೂ ಬೇರೆ ಬೇರೆ ದ್ರವ್ಯದಿಂದ ಆಗಿದೆಯೇ? ಗೆರೆಗಳ ರಾಶಿ ಎದುರಿಗಿತ್ತು. ಆ ಲಿಪಿಯನ್ನು ಓದುವ ಬಗೆ ಮಾತ್ರ ತಿಳಿದಿರಲಿಲ್ಲ.

ನಕ್ಷತ್ರಗಳಲ್ಲಿ ಪರಮಾಣುಗಳು ಒಡೆಯುವುದನ್ನು ಕುರಿತು ಎಗ್ಗರ್ಟ್ ಎಂಬ ವಿಜ್ಞಾನಿ ಜರ್ಮನ್ ಪತ್ರಿಕೆಯಲ್ಲಿ 1919ರಲ್ಲಿ ಬರೆದ ಲೇಖನವನ್ನು ಸಾಹಾ ಓದಿದರು. ಢಾಕಾದಲ್ಲಿ ಕಲಿತ ಭಾಷೆ ಇಲ್ಲಿ ಫಲಕೊಟ್ಟಿತು. ಆ ಲೇಖನದಲ್ಲಿದ್ದ ಕೊರತೆಯೂ ಅವರಿಗೆ ಕಾಣಿಸಿತು. ಬಿಸಿಯಾದ ಪರಮಾಣು ತನ್ನ ಇಲೆಕ್ಟ್ರಾನನ್ನು ಕಳೆದುಕೊಳ್ಳುವುದನ್ನು ಅಯಾನೀಕರಣ ಎನ್ನುತ್ತೇವೆ. ಇದನ್ನು ರಾಸಾಯನಿಕ ಕ್ರಿಯೆಯಂತೆಯೇ ಲೆಕ್ಕಹಾಕಬಹುದು ಎಂದು ಅವರು ತೋರಿಸಿದರು. ಶಾಖ ಹೆಚ್ಚಿದಷ್ಟೂ ಇಲೆಕ್ಟ್ರಾನುಗಳು ಬಿಟ್ಟುಹೋಗುತ್ತವೆ. ಒತ್ತಡ ಹೆಚ್ಚಿದಷ್ಟೂ ಮರಳಿ ಸೇರಿಕೊಳ್ಳುತ್ತವೆ. ಎತ್ತರದ ಬೆಟ್ಟದ ಮೇಲೆ ಒತ್ತಡ ಕಡಿಮೆಯಾದುದರಿಂದ ನೀರು ಕಡಿಮೆ ಶಾಖದಲ್ಲಿಯೇ ಕುದಿಯುವಂತೆ, ಸೂರ್ಯನ ವಾಯುಮಂಡಲದ ಮೇಲ್ಪದರದಲ್ಲಿ ಪರಮಾಣುಗಳು ಸುಲಭವಾಗಿ ಒಡೆಯುತ್ತವೆ. ಒಡೆದ ಪರಮಾಣುವಿನ ಗೆರೆಗಳು ಇಡಿಯಾದ ಪರಮಾಣುವಿನ ಗೆರೆಗಳಿಗಿಂತ ಬೇರೆ. ಆದುದರಿಂದ ಯಾವ ಗೆರೆ ಎಷ್ಟು ಬಲವಾಗಿದೆ ಎಂಬುದು ಮುಖ್ಯವಾಗಿ ಶಾಖವನ್ನು ಹೇಳುತ್ತದೆ. ಸುಮಾರು 3,000 ಡಿಗ್ರಿಯ ಕೆಂಪು ತಾರೆಯಿಂದ 30,000 ಡಿಗ್ರಿಯನ್ನು ಮೀರಿದ ನೀಲಿ ತಾರೆಯವರೆಗೆ ಹಾರ್ವರ್ಡ್‌ನ ಗುಂಪುಗಳೆಲ್ಲ ಒಂದೇ ಶಾಖದ ಏಣಿಯ ಮೆಟ್ಟಿಲುಗಳಾದವು. ಈ ಸಮೀಕರಣವುಳ್ಳ ಲೇಖನ 1920ರ ಅಕ್ಟೋಬರಿನಲ್ಲಿ ಪ್ರಕಟವಾದಾಗ ಸಾಹಾ ಅವರಿಗೆ 27 ವರ್ಷ. ಅದನ್ನು ಬರೆಯಲು ಅವರ ಬಳಿ ದೊಡ್ಡ ದೂರದರ್ಶಕವೇನೂ ಇರಲಿಲ್ಲ.

ಬಳಿಕ ಅವರು ಲಂಡನ್ನಿನಲ್ಲಿ ಆಲ್ಫ್ರೆಡ್ ಫೌಲರ್ ಅವರ ಪ್ರಯೋಗಾಲಯದಲ್ಲಿಯೂ ಬರ್ಲಿನ್ನಿನಲ್ಲಿ ನರ್ನ್‌ಸ್ಟ್ ಅವರ ಪ್ರಯೋಗಾಲಯದಲ್ಲಿಯೂ ಕೆಲಸ ಮಾಡಿದರು. ಸೂರ್ಯನಲ್ಲಿ ರುಬಿಡಿಯಂ ಲೋಹದ ಗೆರೆಗಳು ಕಾಣದಿರುವುದು ಅಲ್ಲಿನ ಶಾಖಕ್ಕೆ ಅದು ಒಡೆದುಹೋಗಿರುವುದರಿಂದ, ತಂಪಾದ ಸೌರಕಲೆಗಳಲ್ಲಿ ಅದು ಕಾಣಬೇಕು ಎಂಬ ಅವರ ಊಹೆಯನ್ನು ಅಮೆರಿಕದ ಹೆನ್ರಿ ನಾರಿಸ್ ರಸೆಲ್ ವೀಕ್ಷಣೆಯಿಂದ ದೃಢಪಡಿಸಿದರು. 1925ರಲ್ಲಿ ಹಾರ್ವರ್ಡ್‌ನ ಯುವ ಸಂಶೋಧಕಿ ಸಿಸಿಲಿಯಾ ಪೇನ್ ಇದೇ ಸಮೀಕರಣವನ್ನು ಆಧರಿಸಿ ನಕ್ಷತ್ರಗಳ ದ್ರವ್ಯವನ್ನು ಲೆಕ್ಕಹಾಕಿದರು. ಎಲ್ಲ ನಕ್ಷತ್ರಗಳೂ ಬಹುಪಾಲು ಜಲಜನಕ ಮತ್ತು ಹೀಲಿಯಂಗಳಿಂದಲೇ ಆಗಿವೆ ಎಂಬ ಫಲಿತಾಂಶವನ್ನು ಮೊದಲು ರಸೆಲ್ ಅವರೇ ಒಪ್ಪಲಿಲ್ಲ. ನಾಲ್ಕು ವರ್ಷಗಳ ಬಳಿಕ ತಾವೂ ಅದೇ ತೀರ್ಮಾನಕ್ಕೆ ಬಂದರು.

ನಕ್ಷತ್ರದ ಒಡಲಲ್ಲಿ ಜಲಜನಕವಿದೆಯೆಂದು ತಿಳಿದ ಮೇಲೆಯೇ ಅದರ ಜೀವನಚರಿತ್ರೆಯನ್ನು ಬರೆಯಲು ಸಾಧ್ಯವಾಯಿತು. ಅನಿಲದ ಮೋಡವು ತನ್ನದೇ ಗುರುತ್ವದಿಂದ ಕುಸಿದು ಬಿಸಿಯಾಗುತ್ತದೆ. ಒಳಗೆ ಜಲಜನಕವು ಬೆಸೆದು ಹೀಲಿಯಂ ಆಗತೊಡಗಿದಾಗ ನಕ್ಷತ್ರ ಉರಿಯುತ್ತದೆ. ನಮ್ಮ ಸೂರ್ಯ ಹೀಗೆ ಉರಿಯತೊಡಗಿ ಸುಮಾರು 460 ಕೋಟಿ ವರ್ಷಗಳಾದವು; ಸುಮಾರು ಇನ್ನೂ ಅಷ್ಟೇ ಕಾಲ ಉರಿದು, ಕೆಂಪು ದೈತ್ಯನಾಗಿ ಉಬ್ಬಿ, ಕೊನೆಗೆ ಶ್ವೇತಕುಬ್ಜವಾಗಿ ಉಳಿಯುತ್ತಾನೆ. ಬಹಳ ಭಾರದ ತಾರೆಗಳು ಸಿಡಿದು ತಾವು ಬೇಯಿಸಿದ ಮೂಲವಸ್ತುಗಳನ್ನು ಸುತ್ತ ಚೆಲ್ಲುತ್ತವೆ. ಆ ಬೂದಿ ಬೆರೆತ ಮೋಡದಿಂದ ಮತ್ತೆ ಹೊಸ ತಾರೆಗಳು ಹುಟ್ಟುತ್ತವೆ. ಗೆಲಾಕ್ಸಿಗಳ ಬೆಳವಣಿಗೆಯ ಕಥೆಯಲ್ಲಿಯೂ ಸಾಹಾ ಸಮೀಕರಣಕ್ಕೆ ಪಾತ್ರವಿದೆ. ವಿಶ್ವವು ಹುಟ್ಟಿ ಸುಮಾರು 3,80,000 ವರ್ಷಗಳಾದಾಗ ಅದರ ಶಾಖ ಸುಮಾರು 3,000 ಡಿಗ್ರಿಗೆ ಇಳಿದು ಇಲೆಕ್ಟ್ರಾನುಗಳು ಪರಮಾಣುಗಳಲ್ಲಿ ನೆಲೆಸಿದವು. ಬೆಳಕಿನ ಒತ್ತಡದಿಂದ ಬಿಡುಗಡೆ ಹೊಂದಿದ ಅನಿಲವು ಆಮೇಲೆ ಒಟ್ಟುಗೂಡಿ ಗೆಲಾಕ್ಸಿಗಳಾಗತೊಡಗಿತು. ಆ ಕ್ಷಣದ ಶಾಖವನ್ನು ಅಂದಾಜು ಮಾಡಲು ವಿದ್ಯಾರ್ಥಿಗಳು ಇಂದಿಗೂ ಮೊದಲು ಬಳಸುವುದು ಸಾಹಾ ಅವರ ಸಮೀಕರಣವನ್ನೇ.

1923ರಿಂದ 1938ರವರೆಗೆ ಸಾಹಾ ಅವರು ಅಲಹಾಬಾದಿನಲ್ಲಿ ಪ್ರಾಧ್ಯಾಪಕರಾಗಿದ್ದರು. ಪಾಠದ ಹೊರೆ ಹೆಚ್ಚು, ಉಪಕರಣಗಳು ಕಡಿಮೆ. ಆದರೂ 1927ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಅವರನ್ನು ಸದಸ್ಯರನ್ನಾಗಿ ಆರಿಸಿತು. ನೊಬೆಲ್ ಪಾರಿತೋಷಕಕ್ಕೆ ಅವರ ಹೆಸರು ಹಲವು ಬಾರಿ ಸೂಚಿತವಾಯಿತು, ದೊರೆಯಲಿಲ್ಲ. ಮತ್ತೆ ಕಲ್ಕತ್ತೆಗೆ ಮರಳಿದ ಮೇಲೆ ಅವರು ಕಟ್ಟಿದ ಪರಮಾಣು ಭೌತವಿಜ್ಞಾನ ಸಂಸ್ಥೆಯನ್ನು 1950ರಲ್ಲಿ ಐರೀನ್ ಜೋಲಿಯೋ ಕ್ಯೂರಿ ಉದ್ಘಾಟಿಸಿದರು. ಇಂದು ಅದು ಸಾಹಾ ಅವರ ಹೆಸರನ್ನೇ ಹೊತ್ತಿದೆ. ಪ್ರತಿ ಮಳೆಗಾಲದಲ್ಲಿಯೂ ನೆರೆ ಬರುವ ಸೀಮೆಯಲ್ಲಿ ಬೆಳೆದ ಅವರು ನದಿಗಳ ವಿಚಾರವನ್ನು ಬಿಡಲಿಲ್ಲ. 1943ರ ದಾಮೋದರ ನದಿಯ ಪ್ರವಾಹದ ಬಳಿಕ ಅವರು ಪಟ್ಟ ಶ್ರಮವು 1948ರಲ್ಲಿ ದಾಮೋದರ ಕಣಿವೆ ನಿಗಮದ ಸ್ಥಾಪನೆಗೆ ನೆರವಾಯಿತು.

ಕಾಸರಗೋಡಿನ ನಮಗೆ ಹತ್ತಿರವಾದ ಅವರ ಕೆಲಸ ಪಂಚಾಂಗದ್ದು. ದೇಶದಲ್ಲಿ ಬಳಕೆಯಲ್ಲಿದ್ದ ಸುಮಾರು ಮೂವತ್ತು ಪಂಚಾಂಗಗಳನ್ನು ಪರಿಶೀಲಿಸಲು 1952ರಲ್ಲಿ ನೇಮಕವಾದ ಸಮಿತಿಗೆ ಸಾಹಾ ಅಧ್ಯಕ್ಷರು. ಹಳೆಯ ಸಿದ್ಧಾಂತಗಳ ಸೌರವರ್ಷವು ಋತುಗಳ ವರ್ಷಕ್ಕಿಂತ ಸುಮಾರು 24 ನಿಮಿಷ ದೀರ್ಘವಾದುದು. ಅಷ್ಟು ಚಿಕ್ಕ ವ್ಯತ್ಯಾಸವೇ 1,400 ವರ್ಷಗಳಲ್ಲಿ 23 ದಿನಗಳಾಗಿ ಬೆಳೆದಿದೆ. ಹಗಲಿರುಳು ಸಮನಾಗುವ ವಿಷುವದ ಹೆಸರನ್ನು ಹೊತ್ತ ನಮ್ಮ ಬಿಸು ಹಬ್ಬವು ಮಾರ್ಚ್ 21ರ ಸುಮಾರಿಗೆ ಬಾರದೆ ಏಪ್ರಿಲ್ ನಡುವೆ ಬರುವುದು ಇದೇ ಕಾರಣದಿಂದ. ಸಮಿತಿಯ ಶಿಫಾರಸಿನಂತೆ ಮಾರ್ಚ್ 22ಕ್ಕೆ ಚೈತ್ರದ ಮೊದಲ ದಿನವಾಗುವ ರಾಷ್ಟ್ರೀಯ ಶಕ ಪಂಚಾಂಗ 1957ರಲ್ಲಿ ಜಾರಿಗೆ ಬಂತು. ಹಬ್ಬಗಳು ಹಳೆಯ ದಾರಿಯಲ್ಲೇ ಉಳಿದವು. ಸರಕಾರದ ರಾಜಪತ್ರದಲ್ಲಿ ಮಾತ್ರ ಸಾಹಾ ಅವರ ಶಕ ದಿನಾಂಕ ಇಂದಿಗೂ ಅಚ್ಚಾಗುತ್ತಿದೆ.

1952ರಲ್ಲಿ ಅವರು ಕಲ್ಕತ್ತೆಯಿಂದ ಲೋಕಸಭೆಗೆ ಆರಿಸಿಬಂದು ಯೋಜನೆ, ಶಿಕ್ಷಣ, ನಿರಾಶ್ರಿತರ ಬವಣೆಗಳನ್ನು ಕುರಿತು ನಿಷ್ಠುರವಾಗಿ ವಾದಿಸಿದರು. ಅವರ ಹುಟ್ಟೂರು 1947ರಲ್ಲಿ ಗಡಿಯ ಆಚೆಗೆ ಹೋಗಿತ್ತು. ಇಂದು ಅದು ಬಾಂಗ್ಲಾದೇಶದಲ್ಲಿದೆ. ಊರು ನಿಂತಲ್ಲೇ ನಿಂತಿದ್ದು ಗಡಿ ಮಾತ್ರ ಸರಿದುಹೋಗುವುದೆಂದರೇನು ಎಂಬುದು ನಮ್ಮ ಓದುಗರಿಗೆ ಬಿಡಿಸಿ ಹೇಳಬೇಕಾದುದಲ್ಲ. 1956ರ ಫೆಬ್ರವರಿ 16ರಂದು ದೆಹಲಿಯಲ್ಲಿ ಯೋಜನಾ ಆಯೋಗದ ಕಚೇರಿಗೆ ನಡೆದು ಹೋಗುತ್ತಿದ್ದಾಗ ಹೃದಯಾಘಾತದಿಂದ ಸಾಹಾ ಅವರು ತೀರಿಕೊಂಡರು. ಆಗ ಅವರಿಗೆ 62 ವರ್ಷ.

ಅವರ ಬಾಳಿನ ಲೆಕ್ಕವನ್ನು ನೋಡಿದರೆ ನಮಗೆ ಕಾಣುವುದು 4 ರೂಪಾಯಿ, 5 ರೂಪಾಯಿ, 2 ರೂಪಾಯಿಗಳು. ಒಬ್ಬ ವೈದ್ಯರ ಮನೆಯ ಊಟ. ಶುಲ್ಕ ಬಿಟ್ಟುಕೊಟ್ಟ ಒಂದು ಶಾಲೆ. ಕೊಟ್ಟವರಲ್ಲಿ ಯಾರಿಗೂ ನಕ್ಷತ್ರಗಳ ವಿಚಾರ ತಿಳಿದಿರಬೇಕಾಗಿರಲಿಲ್ಲ. ಓದುವ ಹುಡುಗನೊಬ್ಬ ಓದು ಬಿಡಬಾರದು ಎಂಬಷ್ಟು ಅವರಿಗೆ ತಿಳಿದಿತ್ತು. ಎರಡನೆಯ ಶತಮಾನಕ್ಕೆ ಕಾಲಿಡುತ್ತಿರುವ ನಮ್ಮ ಶಾಲೆಯ ಹೆತ್ತವರೂ ಹಳೆಯ ವಿದ್ಯಾರ್ಥಿಗಳೂ ಅಧ್ಯಾಪಕರೂ ಈ ತಿಳಿವಳಿಕೆಯನ್ನು ಉಳಿಸಿಕೊಂಡು ಹೋಗಲೆಂದು ನಾವು ಹಾರೈಸುತ್ತೇವೆ.