ಒಂದು ಕೋಣೆಗೆ ಬೆಂಕಿ, ಇನ್ನೊಂದಕ್ಕೆ ಚಳಿ

ಟೆಂಪರೇಚರ್ ಚೇಂಬರ್ ಅಂದ್ರೆ ನಮ್ಮ ಕಣ್ಮುಂದೆ ಬರೋದು ದೊಡ್ಡ ಫ್ರಿಜ್ಜಿನಂಥ ಪೆಟ್ಟಿಗೆ. ಒಳಗೆ ಸರ್ಕ್ಯೂಟ್ ಬೋರ್ಡ್ ಇಟ್ಟು ಬಾಗಿಲು ಹಾಕಿ, ಮೈನಸ್ 40 ಡಿಗ್ರಿ ಸೆಲ್ಸಿಯಸ್‌ನಿಂದ 85ರವರೆಗೆ ಏರಿಸಿ, ಎಲ್ಲಿ ಕೈಕೊಡುತ್ತೆ ಅಂತ ನೋಡ್ತೀವಿ. ಕರೆಂಟು, ಕಂಪ್ರೆಸರ್ ಏನೂ ಇಲ್ಲದ ಕಾಲದಲ್ಲಿ ಇದೇ ಕೆಲಸವನ್ನು ಎರಡು ಕೋಣೆಗಳಲ್ಲಿ ಮಾಡಿದವನು ಒಬ್ಬ ಬಡಗಿ.

ಜಾನ್ ಹ್ಯಾರಿಸನ್ ಹುಟ್ಟಿದ್ದು 1693ರಲ್ಲಿ, ಇಂಗ್ಲೆಂಡಿನ ಯಾರ್ಕ್‌ಷೈರಿನಲ್ಲಿ. ಬೆಳೆದಿದ್ದು ಲಿಂಕನ್‌ಷೈರಿನ ಬ್ಯಾರೋ ಹಳ್ಳಿಯಲ್ಲಿ. ಅಪ್ಪನದು ಮರಗೆಲಸ, ಮಗನೂ ಅದನ್ನೇ ಹಿಡಿದ. 1713ರ ಹೊತ್ತಿಗೆ ಹಲ್ಲುಚಕ್ರಗಳೂ ಮರದವೇ ಆಗಿದ್ದ ಗಡಿಯಾರ ಮಾಡಿದ್ದ.

ಆಗಿನ ದೊಡ್ಡ ತಲೆನೋವು ನಡುಸಮುದ್ರದಲ್ಲಿ ರೇಖಾಂಶ ತಿಳಿಯೋದು. ಹೊರಟ ಬಂದರಿನ ಸಮಯವನ್ನು ಸರಿಯಾಗಿ ಹೇಳುವ ಗಡಿಯಾರ ಹಡಗಿನಲ್ಲಿದ್ದರೆ ಸಾಕು, ಉಳಿದದ್ದು ಲೆಕ್ಕ: ಭೂಮಿ 4 ನಿಮಿಷಕ್ಕೆ 1 ಡಿಗ್ರಿ ತಿರುಗುತ್ತದೆ. 1707ರಲ್ಲಿ ಸಿಲಿ ದ್ವೀಪಗಳ ಬಂಡೆಗಳಿಗೆ ಬಡಿದು ಬ್ರಿಟಿಷ್ ನೌಕಾಪಡೆಯ 4 ಹಡಗುಗಳು ಮುಳುಗಿ, ಸಾವಿರಕ್ಕೂ ಹೆಚ್ಚು ಜನ ಸತ್ತಿದ್ದರು. 1714ರಲ್ಲಿ ಪಾರ್ಲಿಮೆಂಟು, ಅರ್ಧ ಡಿಗ್ರಿಯೊಳಗೆ ರೇಖಾಂಶ ಹೇಳುವ ವಿಧಾನಕ್ಕೆ 20,000 ಪೌಂಡ್ ಬಹುಮಾನ ಸಾರಿತು. ಆರು ವಾರದ ಪಯಣಕ್ಕೆ ಅದು ದಿನಕ್ಕೆ 3 ಸೆಕೆಂಡಿಗಿಂತ ಕಡಿಮೆ ತಪ್ಪು. ಒಂದು ಮೀಟರಿನ ಉಕ್ಕಿನ ಲೋಲಕವೋ, 10 ಡಿಗ್ರಿ ಸೆಲ್ಸಿಯಸ್ ಸೆಖೆ ಏರಿದರೇ ದಿನಕ್ಕೆ 5 ಸೆಕೆಂಡು ಹಿಂದೆ ಬೀಳುತ್ತೆ.

1720ರ ದಶಕದಲ್ಲಿ ಹ್ಯಾರಿಸನ್, ತಮ್ಮ ಜೇಮ್ಸ್ ಜೊತೆ ಸೇರಿ ಗಡಿಯಾರಗಳನ್ನು ಮಾಡಿ, ಎರಡನ್ನು ಬೇರೆಬೇರೆ ಕೋಣೆಗಳಲ್ಲಿ ನಿಲ್ಲಿಸಿದ. ಹಿಮ ಬೀಳುವ ದಿನ ಒಂದು ಕೋಣೆಯಲ್ಲಿ ಜೋರು ಬೆಂಕಿ. ಇನ್ನೊಂದು ಹಾಗೇ ಕೊರೆಯುತ್ತಿರಬೇಕು. ಆಮೇಲೆ ಅದಲು ಬದಲು. ಈ ಅದಲು ಬದಲಲ್ಲೇ ಇರೋದು ನೋಡ್ರಿ ಜಾಣತನ: ವ್ಯತ್ಯಾಸ ಬಂದದ್ದು ಗಡಿಯಾರದಿಂದಲೋ ಶಾಖದಿಂದಲೋ ಅನ್ನೋದು ಆಗ ಬೇರೆಯಾಗುತ್ತೆ. ಸರಿಯಾದ ಸಮಯಕ್ಕೆ ನಕ್ಷತ್ರಗಳಿದ್ದವು. ಕಿಟಕಿಯಿಂದ ನೋಡಿದರೆ, ಅದೇ ನಕ್ಷತ್ರ ನೆರೆಮನೆಯ ಚಿಮಣಿಯ ಹಿಂದೆ ದಿನಾ 3 ನಿಮಿಷ 56 ಸೆಕೆಂಡು ಮುಂಚೆ ಮರೆಯಾಗುತ್ತಿತ್ತು. ಈ ಪರೀಕ್ಷೆಗಳ ನಡುವೆ ಪಳಗಿದ್ದು 9 ಸರಳುಗಳ ಲೋಲಕ. ಉಕ್ಕು ಕೆಳಕ್ಕೆ ಹಿಗ್ಗಿದಷ್ಟನ್ನು ಹಿತ್ತಾಳೆ ಮೇಲಕ್ಕೆ ಹಿಗ್ಗಿ ಸರಿದೂಗಿಸುತ್ತೆ. ತಿಂಗಳಿಗೆ ಒಂದು ಸೆಕೆಂಡಿಗಿಂತ ಹೆಚ್ಚು ತಪ್ಪದ ಗಡಿಯಾರ ತನ್ನದು ಅಂತ ಆತ ಬರೆದಿಟ್ಟ.

ತೂಗಾಡೋ ಹಡಗಿಗೆ ಲೋಲಕ ಆಗಿಬರೋದಿಲ್ಲ. ಎಚ್1, ಎಚ್2 ಆಯ್ತು. ಎಚ್3ಗೇ 19 ವರ್ಷ ಹೋಯ್ತು. ಅದಕ್ಕಾಗಿ ಮಾಡಿದ ಎರಡು ಲೋಹದ ಪಟ್ಟಿ ಇವತ್ತಿಗೂ ಇಸ್ತ್ರಿಪೆಟ್ಟಿಗೆಯಲ್ಲಿದೆ. 1759ರಲ್ಲಿ ಬಂತು ಅಂಗೈಗಿಂತ ಸ್ವಲ್ಪ ದೊಡ್ಡ ಎಚ್4.

1764ರಲ್ಲಿ ಅದನ್ನು ಬಾರ್ಬಡೋಸಿಗೆ ಒಯ್ಯುವ ಮುನ್ನ ಮಗ ವಿಲಿಯಂ ಒಂದು ಪಟ್ಟಿ ಕೊಟ್ಟ. ನಮಗಂತೂ ಬಹುಮಾನಕ್ಕಿಂತ ಇದೇ ದೊಡ್ಡದು. 42 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ದಿನಕ್ಕೆ 3 ಸೆಕೆಂಡು ಮುಂದೆ, 52ರಲ್ಲಿ 2, 62ರಲ್ಲಿ 1, 72ರಲ್ಲಿ ಸರಿಸಮ, 82ರಲ್ಲಿ 1 ಸೆಕೆಂಡು ಹಿಂದೆ. ತಪ್ಪೇ ಇಲ್ಲ ಅಂತ ಹೇಳಲಿಲ್ಲ, ಎಷ್ಟು ತಪ್ಪುತ್ತೆ ಅಂತ ಮೊದಲೇ ಹೇಳಿಬಿಟ್ಟ! 47 ದಿನದ ಪಯಣದಲ್ಲಿ ಬಂದ ತಪ್ಪು ಸುಮಾರು 39 ಸೆಕೆಂಡು. ಬಹುಮಾನಕ್ಕೆ 2 ನಿಮಿಷದವರೆಗೂ ಅವಕಾಶವಿತ್ತು.

ಆದರೂ ಮಂಡಳಿ ಪೂರ್ತಿ ಹಣ ಕೊಡಲಿಲ್ಲ. ಗಡಿಯಾರವನ್ನು ಗ್ರೀನಿಚ್‌ಗೆ ಒಯ್ದು, 1766ರಿಂದ ಖಗೋಳಜ್ಞ ಮ್ಯಾಸ್ಕಲಿನ್ ಕೈಯಲ್ಲಿ ಮತ್ತೆ ಪರೀಕ್ಷೆ. ಆತನ ಒಲವೋ ಚಂದ್ರನನ್ನು ನೋಡಿ ಲೆಕ್ಕ ಹಾಕುವ ವಿಧಾನದ ಕಡೆ. ಫಲಿತಾಂಶ ಚೆನ್ನಾಗಿ ಬರಲಿಲ್ಲ. ಹ್ಯಾರಿಸನ್ ಸಿಟ್ಟಿನಿಂದ ದೂರಿದ: ಗಡಿಯಾರ ಕಿಟಕಿಯ ಬಿಸಿಲಲ್ಲಿ, ಥರ್ಮಾಮೀಟರು ನೆರಳಲ್ಲಿ! ಸೆನ್ಸರನ್ನು ಚೇಂಬರಿನ ಗೋಡೆಗಲ್ಲ, ಪರೀಕ್ಷಿಸುವ ವಸ್ತುವಿಗೇ ಅಂಟಿಸಬೇಕು ಅಂತ ಲ್ಯಾಬಿನಲ್ಲಿ ಗದರಿಸೋದು ಇದಕ್ಕೇ.

ಕೊನೆಗೆ ರಾಜ ಮೂರನೇ ಜಾರ್ಜ್ 1772ರಲ್ಲಿ ಎಚ್5 ಅನ್ನು ತನ್ನ ವೀಕ್ಷಣಾಲಯದಲ್ಲೇ ಪರೀಕ್ಷಿಸಿ ಹ್ಯಾರಿಸನ್ ಪರ ನಿಂತ. ಮಾರನೇ ವರ್ಷ ಪಾರ್ಲಿಮೆಂಟು 8,750 ಪೌಂಡ್ ಕೊಟ್ಟಿತು. ಆಗ ಹ್ಯಾರಿಸನ್‌ಗೆ 80 ವಯಸ್ಸು, ಸತ್ತದ್ದು 1776ರಲ್ಲಿ. ಎಚ್1ರಿಂದ ಎಚ್4ರವರೆಗಿನವು ಗ್ರೀನಿಚ್‌ನಲ್ಲಿವೆ. ಮೊದಲ ಮೂರು ಈಗಲೂ ನಡೆಯುತ್ತವೆ. ಎಚ್4ಕ್ಕೆ ಎಣ್ಣೆ ಬೇಕು, ನಡೆಸಿದರೆ ಸವೆಯುತ್ತೆ, ಹಾಗಾಗಿ ಅದನ್ನು ನಿಲ್ಲಿಸಿಟ್ಟಿದ್ದಾರೆ.