ಹಕ್ಕಿ ಹೊಡೆದ ಹುಡುಗ ಹಕ್ಕಿಗಳ ತಾತನಾದ ಕತೆ



ನವೆಂಬರ್ 12 ಖ್ಯಾತ ಪಕ್ಷಿತಜ್ಞ ಡಾ. ಸಲೀಂ ಅಲಿ ಅವರು ಹುಟ್ಟಿದ ದಿನ. ಬೊಂಬಾಯಿಯ ಈ ದೊಡ್ಡ ಮನುಷ್ಯರಿಗೂ ನಮ್ಮ ಚಾಮರಾಜನಗರ, ಗುಂಡ್ಲುಪೇಟೆ ಸೀಮೆಗೂ ಏನು ಸಂಬಂಧ ಅಂತ ನೀವು ಕೇಳಬಹುದು. ಸಂಬಂಧ ಇದೆ. ಓದುತ್ತಾ ಹೋದರೆ ನಿಮಗೇ ಗೊತ್ತಾಗುತ್ತದೆ.

ಸಲೀಂ ಅಲಿ ಹುಟ್ಟಿದ್ದು 1896ರಲ್ಲಿ, ಬೊಂಬಾಯಿಯಲ್ಲಿ. ತುಂಬಿದ ಮನೆಯ ಕೊನೇ ಮಗು. ಒಂದು ವರ್ಷದವರಿದ್ದಾಗ ತಂದೆ ತೀರಿಕೊಂಡರು, ಮೂರು ವರ್ಷಕ್ಕೆ ತಾಯಿಯೂ ಹೋದರು. ತಬ್ಬಲಿ ಮಕ್ಕಳನ್ನೆಲ್ಲ ಸೋದರಮಾವ ಅಮೀರುದ್ದೀನ್ ತಯ್ಯಬ್‌ಜಿ ಮತ್ತು ಅತ್ತೆ ಹಮೀದಾ ಬೇಗಂ ಸಾಕಿದರು. ಮಾವನಿಗೆ ಬೇಟೆಯ ಹುಚ್ಚು. ಹುಡುಗನಿಗೂ ಒಂದು ಚಿಕ್ಕ ಚರೆಬಂದೂಕು ಸಿಕ್ಕಿತು. ಕಂಡ ಕಂಡ ಗುಬ್ಬಿಗಳಿಗೆ ಗುರಿ ಇಡೋದೇ ಆಟ. ನಮ್ಮಲ್ಲಿ ಕೆಲವರು ಕ್ಯಾಟರ್‌ಬಿಲ್ಲು ಹಿಡಿದು ಕೆರೆ ಏರಿ ಮೇಲೆ ತಿರುಗೋದಿಲ್ಲವೇ, ಹಾಗೆಯೇ ಅನ್ನಿ.

ಹೀಗೇ ಒಂದು ದಿನ ಬಿದ್ದ ಗುಬ್ಬಿಯನ್ನು ಎತ್ತಿ ನೋಡಿದರೆ ಅದರ ಕತ್ತಿನ ಮೇಲೆ ಹಳದಿ ಮಚ್ಚೆ! ಮನೆಗುಬ್ಬಿಗೆ ಇಂಥ ಮಚ್ಚೆ ಇರುವುದಿಲ್ಲ. ಇದು ಯಾವ ಹಕ್ಕಿ? ಮಾವನಿಗೂ ತಿಳಿಯಲಿಲ್ಲ. ಅವರು ಒಂದು ಪತ್ರ ಬರೆದುಕೊಟ್ಟು ಹುಡುಗನನ್ನು ಬೊಂಬಾಯಿ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಕಾರ್ಯದರ್ಶಿ ಮಿಲ್ಲರ್ಡ್ ಸಾಹೇಬರ ಹತ್ತಿರ ಕಳಿಸಿದರು. ದೊರೆಗಳ ಕಾಲ, ಹುಡುಗನಿಗೆ ಎದೆ ಡವಡವ. ಆದರೆ ಸಾಹೇಬರು ಗದರಲಿಲ್ಲ. ಹಕ್ಕಿಯ ಹೆಸರು ಹೇಳಿದರು. ಬೀರುಗಳನ್ನು ತೆಗೆದು ಒಳಗೆ ತುಂಬಿಟ್ಟಿದ್ದ ನೂರಾರು ಹಕ್ಕಿಗಳನ್ನು ತೋರಿಸಿದರು. ಓದಲು ಪುಸ್ತಕ ಕೊಟ್ಟರು. ಒಂದು ಪ್ರಶ್ನೆಯನ್ನು ಕೈಯಲ್ಲಿ ಹಿಡಿದು ಹೋದ ಹುಡುಗನಿಗೆ ಇಡೀ ಜೀವನದ ದಾರಿ ಸಿಕ್ಕಿಬಿಟ್ಟಿತು.

ಆಮೇಲೆ ಎಲ್ಲಾ ಸಲೀಸಾಯಿತು ಅಂದುಕೊಳ್ಳಬೇಡಿ. ಸಲೀಂ ಅಲಿ ಶಾಲೆಯಲ್ಲಿ ಅಂಥಾ ಜಾಣರೇನಲ್ಲ. 1913ರಲ್ಲಿ ಮೆಟ್ರಿಕ್ ಹೇಗೋ ಪಾಸಾಯಿತು. ಕಾಲೇಜು ಅರ್ಧಕ್ಕೆ ಬಿಟ್ಟು ಬರ್ಮಾ ದೇಶಕ್ಕೆ ಹೋದರು. ಅಲ್ಲಿ ಮನೆಯವರ ಗಣಿ ಮತ್ತು ಮರದ ವ್ಯಾಪಾರ ನೋಡಿಕೊಳ್ಳಬೇಕಿತ್ತು. ಅವರು ಹೆಚ್ಚು ನೋಡಿದ್ದು ಕಾಡಿನ ಹಕ್ಕಿಗಳನ್ನು. 1918ರಲ್ಲಿ ತೆಹಮಿನಾ ಅವರೊಡನೆ ಮದುವೆಯಾಯಿತು. ಪದವಿ ಇಲ್ಲದ ಕಾರಣ ಸರ್ಕಾರದ ಪ್ರಾಣಿ ಸಮೀಕ್ಷಾ ಇಲಾಖೆಯಲ್ಲಿ ಕೆಲಸ ಸಿಗಲಿಲ್ಲ. 1926ರಲ್ಲಿ ಬೊಂಬಾಯಿಯ ವಸ್ತು ಸಂಗ್ರಹಾಲಯದಲ್ಲಿ ನೋಡಲು ಬಂದವರಿಗೆ ವಿವರಿಸಿ ಹೇಳುವ ಕೆಲಸ ದೊರೆಯಿತು. ಎರಡು ವರ್ಷ ಆದ ಮೇಲೆ ರಜೆ ಹಾಕಿ ಜರ್ಮನಿಗೆ ಹೋಗಿ, ಬರ್ಲಿನ್ನಿನ ಸ್ಟ್ರೆಸೆಮಾನ್ ಎಂಬ ಗುರುಗಳ ಕೈಕೆಳಗೆ ಪಕ್ಷಿವಿಜ್ಞಾನ ಕಲಿತರು. 1930ರಲ್ಲಿ ವಾಪಸು ಬಂದರೆ ಹಣವಿಲ್ಲ ಅಂತ ಆ ಹುದ್ದೆಯನ್ನೇ ತೆಗೆದುಹಾಕಿದ್ದರು!

ಕೆಲಸವಿಲ್ಲದ ಗಂಡ ಹೆಂಡತಿ ಸಮುದ್ರ ತೀರದ ಕಿಹಿಮ್ ಎಂಬ ಹಳ್ಳಿ ಸೇರಿದರು. ಅಲ್ಲಿ ಗೀಜಗನ ಗೂಡುಗಳಿದ್ದವು. ಸಲೀಂ ಅಲಿ ತಿಂಗಳುಗಟ್ಟಲೆ ಅವನ್ನೇ ಕೂತು ನೋಡಿದರು. ಗಂಡು ಗೀಜಗ ಅರ್ಧ ಗೂಡು ನೇಯುತ್ತದೆ. ಹೆಣ್ಣು ಬಂದು ಒಳಗೆ ಹೊಕ್ಕು ಪರೀಕ್ಷೆ ಮಾಡುತ್ತದೆ. ಒಪ್ಪಿದರೆ ಉಂಟು, ಇಲ್ಲದಿದ್ದರೆ ಇಲ್ಲ. ಒಪ್ಪಿದ ಮೇಲೆ ಗಂಡು ಆ ಗೂಡು ಮುಗಿಸಿ, ಪಕ್ಕದಲ್ಲಿ ಇನ್ನೊಂದು ಶುರು ಮಾಡಿ ಮತ್ತೊಂದು ಹೆಣ್ಣನ್ನು ಕರೆಯುತ್ತದೆ. ಬಾವಿಯ ಮೇಲೆ ಬಾಗಿದ ಕೊಂಬೆಯಲ್ಲಿ, ಈಚಲು ಮರದಲ್ಲಿ ಈ ಗೂಡುಗಳನ್ನು ನಾವೂ ದಿನಾ ನೋಡುತ್ತೇವೆ. ನೋಡುವುದು ಬೇರೆ, ಕೂತು ಗಮನಿಸುವುದು ಬೇರೆ. ಗೀಜಗನ ಈ ಲೇಖನವೇ ಅವರಿಗೆ ಹೆಸರು ತಂದುಕೊಟ್ಟಿತು.

ಅಲ್ಲಿಂದ ಮುಂದೆ ಸಂಸ್ಥಾನಗಳನ್ನು ಸುತ್ತಿ ಎಲ್ಲೆಲ್ಲಿ ಯಾವ ಹಕ್ಕಿ ಇದೆ ಅಂತ ಪಟ್ಟಿ ಮಾಡುವ ಕೆಲಸ ಶುರುವಾಯಿತು. ಹೈದರಾಬಾದು, ತಿರುವಾಂಕೂರು, ಕೊಚ್ಚಿ ಹೀಗೆ. ಡೇರೆ, ಎತ್ತಿನ ಗಾಡಿ, ಕಾಡುದಾರಿ. ತೆಹಮಿನಾ ಅವರೂ ಜೊತೆಗೇ ಇರುತ್ತಿದ್ದರು. 1939ರಲ್ಲಿ ಒಂದು ಸಣ್ಣ ಶಸ್ತ್ರಚಿಕಿತ್ಸೆಯ ನಂತರ ತೆಹಮಿನಾ ತೀರಿಕೊಂಡರು. ಸಲೀಂ ಅಲಿ ಕುಸಿದುಹೋದರು. ಮತ್ತೆ ಮದುವೆಯಾಗಲಿಲ್ಲ. ತಂಗಿದಾಣದಲ್ಲಿ ಕಾಯುತ್ತಿದ್ದ ಜೀವ ಇನ್ನಿಲ್ಲ ಎಂದಾಗ ಕಾಡು ಸುತ್ತುವುದು ಎಷ್ಟು ಕಷ್ಟ ಯೋಚಿಸಿ. ಆದರೂ ಅವರು ದುರ್ಬೀನು ಕೆಳಗಿಡಲಿಲ್ಲ.

ಆ ದುಃಖದ ಬೆನ್ನಿಗೇ, 1939-40ರಲ್ಲಿ, ಅವರು ಕೈಗೊಂಡಿದ್ದು ನಮ್ಮ ಮೈಸೂರು ಸಂಸ್ಥಾನದ ಸಮೀಕ್ಷೆ. ಆಗ ಚಾಮರಾಜನಗರ, ಗುಂಡ್ಲುಪೇಟೆ ಎರಡೂ ಮೈಸೂರು ಜಿಲ್ಲೆಯ ತಾಲ್ಲೂಕುಗಳು. ನಮ್ಮ ಜಿಲ್ಲೆ ಬೇರೆಯಾಗಿದ್ದು 1997ರಲ್ಲಿ. ಆಗಲೇ ಸಲೀಂ ಅಲಿ ನಮ್ಮ ಬಿಳಿಗಿರಿರಂಗನ ಬೆಟ್ಟಕ್ಕೂ ಬಂದರು. ಪಶ್ಚಿಮ ಘಟ್ಟದ ಹಕ್ಕಿ, ಪೂರ್ವ ಘಟ್ಟದ ಹಕ್ಕಿ ಎರಡಕ್ಕೂ ಈ ಬೆಟ್ಟಸಾಲು ಸೇತುವೆ ಇದ್ದ ಹಾಗೆ. ಅಲ್ಲಿ ಹೊನ್ನಮೇಟಿಯಲ್ಲಿ ಕಾಫಿ ತೋಟ ಮಾಡಿಕೊಂಡಿದ್ದ ಮಾರಿಸ್ ದೊರೆಯೂ ಅದೇ ಬೊಂಬಾಯಿ ಸೊಸೈಟಿಯ ಪತ್ರಿಕೆಗೆ ಪ್ರಾಣಿಪಕ್ಷಿಗಳ ಬಗ್ಗೆ ಬರೆಯುತ್ತಿದ್ದವರು.

ಅದೇ ಕಾಲದಲ್ಲಿ ಶ್ರೀರಂಗಪಟ್ಟಣದ ಹತ್ತಿರ ಕಾವೇರಿಯ ನಡುವಿನ ಪುಟ್ಟ ಪುಟ್ಟ ದ್ವೀಪಗಳನ್ನು ಅವರು ಕಂಡರು. 17ನೇ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರು ಹೊಳೆಗೆ ಕಟ್ಟೆ ಕಟ್ಟಿಸಿದಾಗ ಆದ ತಿಟ್ಟುಗಳು ಇವು. ಅಲ್ಲಿ ಬೆಳ್ಳಕ್ಕಿ, ನೀರುಕಾಗೆ, ಬಾಯ್ಕಳಕ ಕೊಕ್ಕರೆ, ಚಮಚ ಕೊಕ್ಕಿನ ಹಕ್ಕಿ ಗೂಡು ಕಟ್ಟಿ ಮರಿ ಮಾಡುತ್ತವೆ. ಸುತ್ತ ನೀರು ಇರುವುದರಿಂದ ಬೆಕ್ಕು, ನರಿ ಕಾಟ ಕಡಿಮೆ. ಮನುಷ್ಯನ ಕಾಟ ಮಾತ್ರ ನೀರು ಇದ್ದರೂ ತಪ್ಪುವುದಿಲ್ಲ. ಈ ಜಾಗವನ್ನು ಕಾಪಾಡಬೇಕು ಅಂತ ಸಲೀಂ ಅಲಿ ಅರಸರ ಸರ್ಕಾರವನ್ನು ಒಪ್ಪಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ನಮ್ಮ ಗುಂಡ್ಲುಪೇಟೆ ತಾಲ್ಲೂಕಿನ ಬಂಡೀಪುರ ಕಾಡು ಗೋಪಾಲಸ್ವಾಮಿಯ ಹೆಸರಿನಲ್ಲಿ ವೇಣುಗೋಪಾಲ ವನ್ಯಧಾಮಕ್ಕೆ ಸೇರಿದ್ದು ಮರುವರ್ಷವೇ, 1941ರಲ್ಲಿ. ಅದೇ ವರ್ಷ ಸಲೀಂ ಅಲಿ ಅವರ ಭಾರತದ ಹಕ್ಕಿಗಳ ಪುಸ್ತಕ ಅಚ್ಚಾಯಿತು. ಬಣ್ಣದ ಚಿತ್ರ ನೋಡಿ ಸಾಮಾನ್ಯ ಜನರೂ ಹಕ್ಕಿ ಗುರುತಿಸಲು ಕಲಿತರು.

ಆ ಕಾಲದ ಸಮೀಕ್ಷೆ ಅಂದರೆ ಹಕ್ಕಿಗಳನ್ನು ಹೊಡೆದು ಮಾದರಿ ಇಡುವುದೂ ಸೇರಿತ್ತು. ಸಲೀಂ ಅಲಿ ಅವರೂ ಹಾಗೆ ಮಾಡಿದವರೇ. ಮುಂದೆ ಹಕ್ಕಿಗಳನ್ನು ಬಲೆಯಲ್ಲಿ ಹಿಡಿದು, ಕಾಲಿಗೆ ನಂಬರಿನ ಉಂಗುರ ತೊಡಿಸಿ ಹಾರಿಬಿಡುವ ಕೆಲಸ ಕೈಗೊಂಡರು. 1957ರಲ್ಲಿ ಶಿವಮೊಗ್ಗ ಜಿಲ್ಲೆಯಲ್ಲಿ ಮಂಗನ ಕಾಯಿಲೆ ಕಾಣಿಸಿದಾಗ, ರಷ್ಯಾ ಕಡೆಯಿಂದ ವಲಸೆ ಬರುವ ಹಕ್ಕಿಗಳು ರೋಗದ ಉಣ್ಣೆ ಹೊತ್ತು ತಂದವೋ ಎಂಬ ಅನುಮಾನ ಇತ್ತು. ಅದನ್ನು ಪರೀಕ್ಷಿಸಲೂ ಈ ಉಂಗುರದ ಕೆಲಸ ನಡೆಯಿತು. ಹೊಡೆಯದೆಯೂ ತಿಳಿಯಬಹುದು ಅನ್ನುವುದಕ್ಕೆ ಇದು ಸಾಕ್ಷಿ.

1968ರಿಂದ 1974ರವರೆಗೆ ಅಮೆರಿಕದ ಡಿಲ್ಲನ್ ರಿಪ್ಲೆ ಅವರ ಜೊತೆ ಹಕ್ಕಿಗಳ ಮೇಲೆ 10 ಸಂಪುಟ ಬರೆದರು. 1976ರಲ್ಲಿ ಪದ್ಮವಿಭೂಷಣ ಬಂತು. ದೊಡ್ಡ ಅಂತರರಾಷ್ಟ್ರೀಯ ಬಹುಮಾನದ ಹಣ ಬಂದಾಗ ಅದನ್ನು ಪ್ರಕೃತಿ ರಕ್ಷಣೆಗೇ ಕೊಟ್ಟರು. 1987ರ ಜೂನ್ 20ರಂದು, 90ರ ವಯಸ್ಸಿನಲ್ಲಿ, ದಿವಂಗತರಾದರು.

ಮಿತ್ರರೇ, ಹಕ್ಕಿ ನೋಡಲು ದೂರದ ದ್ವೀಪಕ್ಕೇ ಹೋಗಬೇಕಾಗಿಲ್ಲ. ಭಾನುವಾರ ಬೆಳಿಗ್ಗೆ ಒಂದು ನೋಟ್‌ಬುಕ್ಕು ಹಿಡಿದು ನಿಮ್ಮ ಹೊಲದ ಬದುವಿನಲ್ಲಿ, ಕೆರೆ ಅಂಗಳದಲ್ಲಿ ಸುಮ್ಮನೆ ಕೂತುಕೊಳ್ಳಿ. ಗೊರವಂಕ, ಪಿಕಳಾರ, ಮಿಂಚುಳ್ಳಿ, ಕೆಂಬೂತ, ನೀಲಕಂಠ ಇವೆಲ್ಲ ಬಂದೇ ಬರುತ್ತವೆ. ಹೆಸರು ಗೊತ್ತಿಲ್ಲದ ಹಕ್ಕಿ ಕಂಡರೆ ಅದರ ಬಣ್ಣ, ಕೊಕ್ಕು, ಕೂಗು ಬರೆದುಕೊಂಡು ಮನೆಯ ಹಿರಿಯರನ್ನೋ ಮೇಷ್ಟ್ರನ್ನೋ ಕೇಳಿ. ಕಲ್ಲು ಮಾತ್ರ ಎತ್ತಬೇಡಿ. ಸತ್ತ ಗುಬ್ಬಿಯಿಂದ ಸಲೀಂ ಅಲಿ ಕಲಿತದ್ದನ್ನು ನಾವು ಬದುಕಿರುವ ಗುಬ್ಬಿಯಿಂದಲೇ ಕಲಿಯಬಹುದು.