ಗಾರ್ಸಿಯಾ ದ ಓರ್ತ

ಮುಂಬಯಿ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುವು ಮುಗಿಲು ಮುಟ್ಟುವ ಮನೆಗಳು, ಎಡೆಬಿಡದೆ ಓಡುವ ರೈಲುಗಾಡಿಗಳು. ನಾಲ್ಕುನೂರೈವತ್ತು ವರ್ಷಗಳ ಹಿಂದೆ ಇದು ತೆಂಗು, ಮಾವುಗಳ ನೆರಳಿನಲ್ಲಿದ್ದ ಸಣ್ಣ ದ್ವೀಪವಾಗಿತ್ತು. ಆಗ ಇಲ್ಲಿ ತೋಟವನ್ನು ಹೊಂದಿದ್ದು, ನಮ್ಮ ನಾಡಿನ ಮರಗಿಡಗಳನ್ನು ಯುರೋಪಿನ ಪಂಡಿತರಿಗೆ ಪರಿಚಯಿಸಿದ ವೈದ್ಯನೊಬ್ಬನ ಚರಿತ್ರೆಯನ್ನು ನಾವು ಅರಿಯತಕ್ಕದ್ದು.

ಗಾರ್ಸಿಯಾ ದ ಓರ್ತನು 1501ರ ಸುಮಾರಿಗೆ ಪೋರ್ಚುಗಲ್ಲಿನಲ್ಲಿ ಜನಿಸಿದನು. ಅವನ ತಂದೆತಾಯಿಗಳು ಸ್ಪೇನಿನಿಂದ ಹೊರದೂಡಲ್ಪಟ್ಟ ಯೆಹೂದ್ಯರು. 1497ರಲ್ಲಿ ಪೋರ್ಚುಗಲ್ಲಿನ ಅರಸನು ಯೆಹೂದ್ಯರೆಲ್ಲರನ್ನೂ ಬಲಾತ್ಕಾರದಿಂದ ಮತಾಂತರಗೊಳಿಸಿದ್ದನು. ಓರ್ತನು ಸ್ಪೇನಿನ ವಿಶ್ವವಿದ್ಯಾಲಯಗಳಲ್ಲಿ ವೈದ್ಯವನ್ನು ಕಲಿತು, ಲಿಸ್ಬನ್ನಿನಲ್ಲಿ ಅಧ್ಯಾಪಕನಾದನು. 1534ರಲ್ಲಿ ಹಡಗನ್ನೇರಿ ಗೋವೆಗೆ ಬಂದವನು ಮತ್ತೆ ಸ್ವದೇಶಕ್ಕೆ ಮರಳಲಿಲ್ಲ.

ಗೋವೆಯಲ್ಲಿ ಅವನು ವೈದ್ಯವೃತ್ತಿಯನ್ನು ನಡೆಸುತ್ತ ಮೂವತ್ತಕ್ಕೂ ಹೆಚ್ಚು ವರ್ಷ ಬಾಳಿದನು. ಅಹಮದನಗರದ ಬುರ್ಹಾನ್ ನಿಜಾಮಶಹನಿಗೂ ಚಿಕಿತ್ಸೆ ಮಾಡಿದನು. ಮುಂಬಯಿ ದ್ವೀಪವು ಪೋರ್ಚುಗೀಸರ ವಶದಲ್ಲಿದ್ದ ಆ ಕಾಲದಲ್ಲಿ, ಅದು ಅವನಿಗೆ ಗುತ್ತಿಗೆಯಾಗಿ ದೊರೆಯಿತು. ಅಲ್ಲಿದ್ದ ಅವನ ಮಾವಿನ ಮರವೊಂದು ವರ್ಷಕ್ಕೆ ಎರಡು ಸಲ ಫಲ ಕೊಡುತ್ತಿತ್ತು. ಕೊಂಕಣದಲ್ಲಿ ಮಾವು ಚಳಿಗಾಲದಲ್ಲಿ ಹೂಬಿಟ್ಟು ಬೇಸಗೆಯಲ್ಲಿ ಹಣ್ಣಾಗುವುದು ವಾಡಿಕೆ. ಈ ಮರವಾದರೋ ವರ್ಷದ ಕೊನೆಯಲ್ಲಿಯೂ ಫಲವನ್ನೀಯುತ್ತಿತ್ತು. ಅವನು ಈ ವಿಶೇಷವನ್ನು ಗಮನಿಸಿ ಬರೆದಿಟ್ಟನು.

ಅಂದಿನ ಯುರೋಪಿನ ವೈದ್ಯರಿಗೆ ಗ್ರೀಕ್ ಮತ್ತು ಅರಬ್ ಪಂಡಿತರ ಹಳೆಯ ಗ್ರಂಥಗಳೇ ಪ್ರಮಾಣ. ಓರ್ತನು ಆ ಗ್ರಂಥಗಳನ್ನು ಬಲ್ಲವನಾಗಿದ್ದರೂ ಮರವನ್ನು ಕಣ್ಣಾರೆ ನೋಡಿ, ಹಣ್ಣನ್ನು ಸವಿದು, ನಾಡವೈದ್ಯರನ್ನೂ ವರ್ತಕರನ್ನೂ ವಿಚಾರಿಸಿ ನಿರ್ಣಯಿಸುತ್ತಿದ್ದನು. ಮಾವು, ಹಲಸು, ತೆಂಗು, ಜಂಬುನೇರಳೆಗಳ ಗುಣಗಳನ್ನೂ ಅವಕ್ಕೆ ಆಯಾ ಪ್ರಾಂತಗಳಲ್ಲಿರುವ ಹೆಸರುಗಳನ್ನೂ ಸಂಗ್ರಹಿಸಿದನು. ಮಲೆಯಾಳದ ಚಕ್ಕವು ಪೋರ್ಚುಗೀಸರ ಬಾಯಲ್ಲಿ ಜಾಕ ಆಯಿತು; ಇಂಗ್ಲಿಷಿನಲ್ಲಿ ಹಲಸಿಗೆ ಇರುವ ಹೆಸರೂ ಅದರಿಂದಲೇ ಹುಟ್ಟಿತು.

ಈ ಜ್ಞಾನವನ್ನೆಲ್ಲ ಇಬ್ಬರು ವೈದ್ಯರ ಸಂವಾದದ ರೂಪದಲ್ಲಿ ಹೆಣೆದು, 1563ರಲ್ಲಿ ಗೋವೆಯಲ್ಲಿಯೇ ಅಚ್ಚುಹಾಕಿಸಿದನು. ಭಾರತದಲ್ಲಿ ಮುದ್ರಿತವಾದ ಮೊದಮೊದಲ ಪುಸ್ತಕಗಳಲ್ಲಿ ಅದೂ ಒಂದು. ಪಂಡಿತರ ಭಾಷೆಯಾದ ಲ್ಯಾಟಿನ್ನನ್ನು ಬಿಟ್ಟು, ಜನರಾಡುವ ಪೋರ್ಚುಗೀಸಿನಲ್ಲಿ ಅವನು ಅದನ್ನು ಬರೆದನು. ನಾಲ್ಕೇ ವರ್ಷಗಳಲ್ಲಿ, 1567ರಲ್ಲಿ, ಕ್ಲೂಸಿಯಸ್ ಎಂಬ ಸಸ್ಯಶಾಸ್ತ್ರಜ್ಞನು ಅದನ್ನು ಲ್ಯಾಟಿನ್ನಿನಲ್ಲಿ ಸಂಗ್ರಹಿಸಿ ಆಂಟ್ವರ್ಪಿನಲ್ಲಿ ಪ್ರಕಟಿಸಿದನು. ಸ್ವಭಾಷೆಯಲ್ಲಿ ಬರೆದ ಸತ್ಯವನ್ನು ಪಂಡಿತರ ಭಾಷೆಯೇ ಅರಸಿಕೊಂಡು ಬಂದಿತು.

ಆದರೆ ಅವನ ಬಾಳಿನ ಮೇಲೆ ಭಯದ ನೆರಳು ಸದಾ ಕವಿದಿತ್ತು. 1560ರಲ್ಲಿ ಗೋವೆಯಲ್ಲಿ ಇಂಕ್ವಿಜಿಷನ್ ಎಂಬ ಧರ್ಮವಿಚಾರಣೆಯ ನ್ಯಾಯಸ್ಥಾನವು ಸ್ಥಾಪಿತವಾಯಿತು. 1568ರಲ್ಲಿ ಓರ್ತನು ತೀರಿಕೊಂಡನು. ಮರುವರ್ಷವೇ ಅವನ ತಂಗಿ ಕಾತರಿನಳನ್ನು, ಗುಟ್ಟಾಗಿ ಯೆಹೂದ್ಯ ಧರ್ಮವನ್ನು ಪಾಲಿಸಿದಳೆಂದು, ಜೀವಂತ ಸುಟ್ಟರು. 1580ರಲ್ಲಿ ಓರ್ತನ ಅಸ್ಥಿಗಳನ್ನೂ ಗೋರಿಯಿಂದ ಅಗೆದು ತೆಗೆದು ಬೆಂಕಿಗೆ ಹಾಕಿದರು.

ಅಸ್ಥಿಗಳು ಸುಟ್ಟುಹೋದವು, ಗ್ರಂಥವು ಉಳಿಯಿತು. ಅವನನ್ನು ದಂಡಿಸಿದ ನ್ಯಾಯಸ್ಥಾನವು 1812ರಲ್ಲಿ ಕೊನೆಗೊಂಡಿತು. ಪಣಜಿಯ ಉದ್ಯಾನವೊಂದಕ್ಕೆ ಅವನ ಹೆಸರು ಬಂದಿತು. ನಗರವಾಸಿಗಳಾದ ನಮಗೆ ತೋಟಗಳಿಲ್ಲದಿರಬಹುದು. ಆದರೂ ಶಾಲೆಯ ಹಾದಿಯಲ್ಲಿ ಒಂದಾದರೂ ಮಾವಿನ ಮರವಿದ್ದೀತು. ಅದು ಎಂದು ಚಿಗುರುವುದು, ಎಂದು ಹೂ ಬಿಡುವುದು ಎಂಬುದನ್ನು ನಾವೇ ನೋಡಿ, ನಮ್ಮ ನುಡಿಯಲ್ಲಿ ಬರೆದಿಡೋಣ. ಆ ವೈದ್ಯನಿಗೆ ನಾವು ಸಲ್ಲಿಸಬಹುದಾದ ಗೌರವವು ಅದೇ.